ಒಂದೊಂದೇ ಫೋಟಾನ್ ಎಣಿಸುವ ಡಿಟೆಕ್ಟರ್: ಒಂದು ವರ್ಷ ಬಳಸಿದ ಮೇಲೆ

ಬೆಂಗಳೂರಿನ ನಮ್ಮ ಲ್ಯಾಬಿಗೆ ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ಒಂದೊಂದಾಗಿ ಎಣಿಸುವ ಸೂಪರ್‌ಕಂಡಕ್ಟಿಂಗ್ ನ್ಯಾನೋವೈರ್ ಡಿಟೆಕ್ಟರ್ ಬಂದು ಒಂದು ವರ್ಷವಾಯಿತು. ನಾವು ಮಾಡುವುದು 1550 ನ್ಯಾನೋಮೀಟರ್ ತರಂಗಾಂತರದ, ಜೋಡಿಯಾಗಿ ಹುಟ್ಟುವ ಫೋಟಾನ್‌ಗಳ ಪ್ರಯೋಗ. ಇಂಥದ್ದನ್ನು ತರಿಸುವ ಯೋಚನೆ ಇರುವವರಿಗೆ ಇದು ಉಪಯೋಗಕ್ಕೆ ಬರಲಿ.

ಮೊದಲು ಇದ್ದದ್ದು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಡಿಟೆಕ್ಟರ್. ಹತ್ತು ಫೋಟಾನ್ ಬಂದರೆ ಎರಡು ಸಿಕ್ಕರೆ ಪುಣ್ಯ. ಬೆಳಕೇ ಇಲ್ಲದಾಗಲೂ ಸೆಕೆಂಡಿಗೆ ಸಾವಿರಾರು ಸುಳ್ಳು ಎಣಿಕೆ. ಹೊಸದರಲ್ಲಿ ಹತ್ತಕ್ಕೆ ಎಂಟು ಸಿಗುತ್ತವೆ. ಜೋಡಿಯಲ್ಲಿ ಎರಡೂ ಸಿಗಬೇಕಲ್ವಾ? ಹಾಗಾಗಿ ನೂರು ಜೋಡಿಗೆ ಮೊದಲು 4 ಸಿಗುತ್ತಿದ್ದವು, ಈಗ 64. ಇಡೀ ರಾತ್ರಿ ಕಾಯುತ್ತಿದ್ದ ಅಳತೆ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಚಾಲೂ ಆದ ದಿನ ಬೆಳಕು ತರುವ ಫೈಬರ್ ಬಾಯಿಗೆ ಮುಚ್ಚಳ ಹಾಕಿ, ದೀಪ ಆರಿಸಿ ಕೂತೆ. ಸೆಕೆಂಡಿಗೆ ನೂರರ ಆಸುಪಾಸು. ಅದರಲ್ಲೂ ಜಾಸ್ತಿ ಪಾಲು ಫೈಬರ್ ಮೂಲಕ ಒಳಗೆ ಇಳಿಯುವ ಕೋಣೆಯ ಶಾಖದ್ದೇ. ಅಷ್ಟು ನಿಶ್ಶಬ್ದವಾದ ಡಿಟೆಕ್ಟರನ್ನು ನಾನು ಹಿಂದೆ ನೋಡಿರಲಿಲ್ಲ.

ಒಳಗಿರುವುದು ನಿಯೋಬಿಯಂ ನೈಟ್ರೈಡ್ ತಂತಿ. ಅಗಲ ಸುಮಾರು 100 ನ್ಯಾನೋಮೀಟರ್, ದಪ್ಪ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. 2.5 ಕೆಲ್ವಿನ್ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್) ತಂಪಿನಲ್ಲಿ ಅದರೊಳಗೆ ಕರೆಂಟ್ ತಡೆಯಿಲ್ಲದೆ ಹರಿಯುತ್ತಿರುತ್ತದೆ. ಒಂದು ಫೋಟಾನ್ ಬಿದ್ದರೆ ಸಾಕು, ಆ ಜಾಗ ಬಿಸಿಯಾಗಿ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಆಸಿಲೋಸ್ಕೋಪಿನಲ್ಲಿ ಚಟ್ಟನೆ ಏರಿ ಮೆಲ್ಲಗೆ ಇಳಿಯುವ ಪಲ್ಸ್ ಕಾಣುತ್ತದೆ. 2001ರಲ್ಲಿ ಮಾಸ್ಕೋದ ಗೋಲ್ತ್ಸ್‌ಮನ್ ತಂಡ ತೋರಿಸಿದ್ದು ಇದನ್ನೇ.

ತಂತಿಯನ್ನು ಒಂದೇ ದಿಕ್ಕಿನ ಸಾಲುಗಳಾಗಿ ಮಡಚಿರುವುದರಿಂದ ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ಸರಿ ಇರಲೇಬೇಕು. ಆ ದಿಕ್ಕನ್ನು ಹೊಂದಿಸುವ ಪ್ಯಾಡಲ್ ಸ್ವಲ್ಪ ತಿರುಗಿಸಿದರೂ ಎಣಿಕೆ ಬಿದ್ದುಹೋಗುತ್ತದೆ. ಇನ್ನೊಂದು: ದೀಪ ಉರಿಯುವಾಗ ಫೈಬರ್ ಬಿಚ್ಚಬೇಡಿ. ಬೆಳಕು ನುಗ್ಗಿ ಚಾನೆಲ್ ಲ್ಯಾಚ್ ಆಗುತ್ತದೆ, ಅಂದರೆ ತಂತಿ ಬಿಸಿಯಾಗಿಯೇ ಉಳಿದು ಎಣಿಕೆ ನಿಂತುಹೋಗುತ್ತದೆ. ಆಮೇಲೆ ಬಯಾಸ್ (ತಂತಿಗೆ ಕೊಡುವ ಕರೆಂಟ್) ಸೊನ್ನೆಗೆ ಇಳಿಸಿ ಮತ್ತೆ ಏರಿಸಬೇಕು.

ನನಗೆ ನಿಜಕ್ಕೂ ಬೇಜಾರಾಗಿದ್ದು ತಂಪು ಮಾಡುವ ವ್ಯವಸ್ಥೆಯ ವಿಷಯದಲ್ಲಿ. ಹೀಲಿಯಂ ಕಂಪ್ರೆಸರಿಗೆ ತಣ್ಣೀರು ಬೇಕು. ಆದರೆ ಮಾರಿದವರು ಕೊಟೇಶನ್‌ನಲ್ಲಿ ಆ ನೀರನ್ನು ತಣ್ಣಗಿಡುವ ಚಿಲ್ಲರ್ ಸೇರಿಸಿರಲಿಲ್ಲ, ಹೇಳಲೂ ಇಲ್ಲ. ಪೆಟ್ಟಿಗೆ ಎರಡು ತಿಂಗಳು ಮೂಲೆಯಲ್ಲಿ ಸುಮ್ನೆ ಕೂತಿತ್ತು. ಕರೆಂಟ್ ಹೋದರಂತೂ ತಂಪೆಲ್ಲ ಹೋಗಿ, ಮತ್ತೆ ಇಳಿಯಲು ಇಡೀ ರಾತ್ರಿ ಬೇಕು. ಏಪ್ರಿಲ್‌ನ ಮಳೆಯಲ್ಲಿ ಒಂದೇ ವಾರಕ್ಕೆ ಮೂರು ಸಲ ಹೀಗಾಯಿತು. ವಿದ್ಯಾರ್ಥಿಯೊಬ್ಬಳ ಅರ್ಧ ಮುಗಿದ ಅಳತೆ ಹಾಳಾಯಿತು.

ಆದರೂ ಇನ್ನೊಂದಕ್ಕೆ ಅರ್ಜಿ ಹಾಕಿದ್ದೇವೆ. ಈ ಸಲ ಚಿಲ್ಲರ್, ಕಂಪ್ರೆಸರನ್ನು ತಡೆದುಕೊಳ್ಳುವ ಯುಪಿಎಸ್ ಎರಡನ್ನೂ ಮೊದಲೇ ಪಟ್ಟಿಯಲ್ಲಿ ಬರೆಸಿದ್ದೇನೆ.