ಜಾತ್ರೆಯ ಹೊಳೆಯುವ ಬಳೆಗೆ ಕತ್ತರಿ ಹಾಕಬೇಡಿ, ಒಳಗಿರುವುದು ಗಾಜು

ಶಿವರಾತ್ರಿಯ ಮರುದಿನ ನಂದಿಯಲ್ಲಿ ಭೋಗನಂದೀಶ್ವರನ ತೇರು. ಕತ್ತಲಾಗುತ್ತಿದ್ದಂತೆ ಕಡ್ಲೆಪುರಿ ಅಂಗಡಿಗಳ ಮಧ್ಯೆ ಹಸಿರು, ಗುಲಾಬಿ ಗ್ಲೋ ಸ್ಟಿಕ್, ಅಂದರೆ ಬಗ್ಗಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ, ಬಳೆ ಹಿಡಿದವರು ಓಡಾಡುತ್ತಾರೆ. ಅಂಥ ಒಂದು ಬಳೆ ಚಿಕ್ಕಬಳ್ಳಾಪುರದ ಒಂದು ಮನೆಗೆ ಹೋಯಿತು. ಬೆಳಿಗ್ಗೆ ಹೊತ್ತಿಗೆ ಮಂಕಾಗಿತ್ತು. ಬಿಸಿನೀರಲ್ಲಿ ಅದ್ದಿದರೆ ಮತ್ತೆ ಹೊಳೆಯುತ್ತೆ ಅಂತ ಯಾರೋ ಹೇಳಿದ್ದರಂತೆ, ದೊಡ್ಡ ಹುಡುಗ ಹಂಡೆಯಿಂದ ಒಂದು ಚೊಂಬು ನೀರು ತೆಗೆದು ಅದ್ದಿದ. ಹೊಳೆಯಿತು ಕೂಡ. ಆಮೇಲೆ ಒಳಗಿನ ಬಣ್ಣವನ್ನು ಗೋಡೆಗೆ ಬಳಿಯೋಣ ಅಂತ ಕತ್ತರಿ ಹಾಕಿದ. ಬಗ್ಗಿ ನೋಡುತ್ತಿದ್ದ ತಂಗಿಯ ಕಣ್ಣಿಗೆ ಅದು ಚಿಮ್ಮಿತು.

ಮಗು ಕಣ್ಣು ಉಜ್ಜಿಕೊಂಡಿತು. "ಎರಡು ತೊಟ್ಟು ಹರಳೆಣ್ಣೆ ಬಿಡೇ, ಉರಿ ಇಳೀತದೆ" ಅಂದರು ಅಜ್ಜಿ. ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ರೆಪ್ಪೆ ಮಗುಚಿ ನೋಡಿದಾಗ ಸೂಜಿಮೊನೆಯಷ್ಟು ಗಾಜಿನ ಚೂರು ಸಿಕ್ಕಿತು. ಉಜ್ಜಿದ್ದರಿಂದ ಕರಿಗುಡ್ಡೆಯ ಮೇಲೆ ಗೀರು ಬಿದ್ದಿತ್ತು.

ಹೊರಗೆ ಕಾಣುವುದು ಮೆತ್ತನೆ ಪ್ಲಾಸ್ಟಿಕ್ ಕೊಳವೆ. ಅದರಲ್ಲಿ ಡೈಫಿನೈಲ್ ಆಕ್ಸಲೇಟ್ ಜಾತಿಯ ರಾಸಾಯನಿಕವೂ ಹೊಳೆಯುವ ಬಣ್ಣವೂ ಎಣ್ಣೆಯಂಥ ದ್ರವದಲ್ಲಿ ಕರಗಿರುತ್ತವೆ. ನಡುವಿನ ತೆಳ್ಳನೆ ಗಾಜಿನ ನಳಿಕೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಬಗ್ಗಿಸಿದಾಗ ಬರುವ 'ಟಕ್' ಸದ್ದು ಆ ಗಾಜು ಒಡೆದದ್ದು. ಎರಡೂ ಬೆರೆತಾಗ ಹುಟ್ಟುವ ಶಕ್ತಿ ಬಣ್ಣದ ಅಣುಗಳಿಗೆ ದಾಟಿ ಬೆಳಕಾಗುತ್ತದೆ, ಬೆಂಕಿಯಿಲ್ಲ, ಬ್ಯಾಟರಿಯಿಲ್ಲ. ಬಿಸಿ ತಾಗಿದರೆ ಈ ಕ್ರಿಯೆ ಜೋರಾಗಿ ನಡೆದು ಬೇಗ ಮುಗಿಯುತ್ತದೆ, ಚಳಿಯಲ್ಲಿ ನಿಧಾನವಾಗುತ್ತದೆ. ನಂದಿ ಬೆಟ್ಟದ ಥಂಡಿಯಲ್ಲಿ ಬಳೆ ಮಂಕಾಗಿ ಕಂಡರೆ ಮಾಲು ಕೆಟ್ಟಿದೆ ಅಂತಲ್ಲ. ಕುದಿನೀರು, ಒಲೆ, ಮೈಕ್ರೋವೇವ್ ಯಾವುದರ ಹತ್ತಿರವೂ ಒಯ್ಯಬೇಡಿ. ಬಿಸಿಗೆ ಒಳಗೆ ಒತ್ತಡ ಏರಿ ಕೊಳವೆ ಸೀಳುತ್ತದೆ.

ಬೆಳಕು ಆರಿದ ಮೇಲೂ ಅದು ಖಾಲಿಯಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಗಾಜಿನ ಚೂರು, ದ್ರವ ಎರಡೂ ಅಲ್ಲೇ ಇರುತ್ತವೆ. ಹಳೆಯ ಮಾದರಿಗಳಲ್ಲಿ ಆ ದ್ರವ ಹೆಚ್ಚಾಗಿ ಡೈಬ್ಯುಟೈಲ್ ಥ್ಯಾಲೇಟ್. ಅದು ಬಣ್ಣ, ವಾರ್ನಿಷ್, ಥರ್ಮಾಕೋಲ್ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಗೋಡೆಗೆ ಬಳಿಯುವ ಬಣ್ಣವಲ್ಲ ಅದು.

ಕಣ್ಣಿಗೆ ಬಿದ್ದರೆ ಉಜ್ಜಲು ಬಿಡಬೇಡಿ, ಮಗುವಿನ ಎರಡು ಕೈಯನ್ನೂ ಹಿಡಿದುಕೊಳ್ಳಿ. ತಲೆಯನ್ನು ನೋವಿರುವ ಕಣ್ಣಿನ ಕಡೆಗೆ ವಾಲಿಸಿ, ರೆಪ್ಪೆ ಬಿಡಿಸಿ, ಶುದ್ಧ ನೀರನ್ನು ಮೂಗಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ಹರಿಸಿ. ಒಂದೆರಡು ಸಲ ಚಿಮುಕಿಸಿದರೆ ಸಾಲದು, ಗಡಿಯಾರ ನೋಡಿಕೊಂಡು 15 ನಿಮಿಷ. ಎಣ್ಣೆ, ಹಾಲು, ಎಳನೀರು ಬೇಡ. ಉರಿ ಕಡಿಮೆಯಾದರೂ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಗಾಜು ಬರಿಗಣ್ಣಿಗೆ ಕಾಣದು.

ಕಚ್ಚಿ ಬಾಯಿಗೆ ಹೋದರೆ ಕಹಿ, ಉರಿ, ಕೆಲವೊಮ್ಮೆ ವಾಂತಿ. ಒಂದೆರಡು ತೊಟ್ಟಿಗೆ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಬಾಯಿ ಮುಕ್ಕಳಿಸಿ ಸ್ವಲ್ಪ ನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಗಾಜು ನುಂಗಿದ ಅನುಮಾನ ಬಂದರೆ, ಉಸಿರಿಗೆ ಕಷ್ಟವಾದರೆ 108ಕ್ಕೆ ಕರೆ ಮಾಡಿ.

ಕೊಳ್ಳುವಾಗ ಒಡೆಯದ ಪ್ಯಾಕೆಟ್ ನೋಡಿ. 14 ವರ್ಷದೊಳಗಿನವರ ಆಟಿಕೆಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ, ಜಾತ್ರೆಯ ಬುಟ್ಟಿಯಲ್ಲಿ ಅದನ್ನು ಹುಡುಕಿ ಸಿಕ್ಕರೆ ನಿಮ್ಮ ಅದೃಷ್ಟ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ, ಬಳೆ ಕೂಡಿಸುವ ಪುಟ್ಟ ಜಾಯಿಂಟು ಗಂಟಲಿಗೆ ಸಿಕ್ಕಿಕೊಳ್ಳುವಷ್ಟೇ ದಪ್ಪ. ಒಂದೇ ಜಾಗದಲ್ಲಿ ಪದೇ ಪದೇ ಮಡಿಸಬೇಡಿ, ಗಾಜಿನ ಚೂರು ಒಳಗಿನಿಂದಲೇ ಪ್ಲಾಸ್ಟಿಕ್ ತೂತು ಮಾಡುತ್ತದೆ.

ಸೋರಿದೆಯೋ ಇಲ್ಲವೋ ಅನುಮಾನವಿದ್ದರೆ ದೀಪ ಆರಿಸಿ, ಪರದೆ ಎಳೆದು ಮಗುವನ್ನು ಕತ್ತಲ ಕೋಣೆಯಲ್ಲಿ ನಿಲ್ಲಿಸಿ. ಬಳೆಯ ಬೆಳಕು ಇನ್ನೂ ಆರಿರದಿದ್ದರೆ ತುಟಿ, ಉಗುರಿನ ಸಂದು, ಅಂಗಿಯ ತೋಳು, ಎಲ್ಲಿ ತಾಗಿದೆಯೋ ಅಲ್ಲಿ ಹೊಳೆಯುತ್ತದೆ. ಅಲ್ಲಿಗೆ ಸೋಪು ಹಾಕಿ ತೊಳೆಯಿರಿ.