ಮಯೂರನೋ, ಚೆನ್ನಮ್ಮನೋ?

ರಜೆಗೆ ಮಕ್ಕಳ ಜೊತೆ ಕೂತು ಒಂದೇ ಹಳೇ ಐತಿಹಾಸಿಕ ಚಿತ್ರ ನೋಡೋದಾದರೆ ಯಾವುದು? ರಾಜ್‌ಕುಮಾರ್ ಅವರ 'ಮಯೂರ' (1975), ಇಲ್ಲ ಬಿ. ಸರೋಜಾದೇವಿ ಅವರ 'ಕಿತ್ತೂರು ಚೆನ್ನಮ್ಮ' (1961).

ಮಜಾ ಬೇಕಾ, 'ಮಯೂರ' ಹಾಕಿ. ಚರಿತ್ರೆಯ ಮಾತು ಬಂದರೆ ಮಾತ್ರ ಸ್ವಲ್ಪ ಹುಷಾರು. ಚಿತ್ರದಲ್ಲಿ, ಕದಂಬ ರಾಜ್ಯ ಕಟ್ಟಿದ ಮಯೂರ ತನ್ನ ಹುಟ್ಟು ತಿಳಿಯದೆ ಬೆಳೆದ ಕ್ಷತ್ರಿಯ ರಾಜಕುಮಾರ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಹೇಳೋದೇ ಬೇರೆ: ಮಯೂರಶರ್ಮ ಬ್ರಾಹ್ಮಣ, ಗುರು ವೀರಶರ್ಮನ ಜೊತೆ ಓದಲು ಕಂಚಿಗೆ ಹೋದವನು, ಅಲ್ಲಿ ಆಳುತ್ತಿದ್ದ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಕೆರಳಿದವನು. ಯಜ್ಞದ ದರ್ಭೆ, ಸಮಿತ್ತು, ತುಪ್ಪ ಹಿಡಿದು ಪಳಗಿದ ಕೈಯಲ್ಲೇ ಕತ್ತಿ ಹಿಡಿದನಂತೆ. ನನಗೆ ಕೇಳಿದರೆ ಸಿನಿಮಾದ ಗುಟ್ಟಿಗಿಂತ ಕಲ್ಲಿನ ಈ ಸಾಲೇ ಹೆಚ್ಚು ರೋಚಕ.

'ಚೆನ್ನಮ್ಮ' ಕಪ್ಪು-ಬಿಳುಪು, ನಿಧಾನ. ಚಿಕ್ಕ ಮಕ್ಕಳು ಎದ್ದು ಹೋದಾರು. ಆದರೆ ಕಥೆಯ ಬೆನ್ನೆಲುಬು ದಾಖಲೆಯದ್ದೇ. ರಾಣಿಯ ದತ್ತು ಮಗನನ್ನು ವಾರಸುದಾರ ಅಂತ ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ, 1824ರ ಅಕ್ಟೋಬರ್‌ನಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಸತ್ತ, ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಳು. ಮಾತುಗಳು ನಾಟಕದವು, ಅಷ್ಟು ಬಿಡಿ.

ಹೈಸ್ಕೂಲು ಮಕ್ಕಳಿದ್ದರೆ ಚೆನ್ನಮ್ಮ. ಸಣ್ಣವರಿದ್ದರೆ ಮಯೂರ, ಆಮೇಲೊಮ್ಮೆ ತಾಳಗುಂದಕ್ಕೆ ಕರೆದುಕೊಂಡು ಹೋಗಿ.