ಕಾರಿನ ಹಿಂದೆ ಸೈಕಲ್ ಕಟ್ಟುವ ಕ್ಯಾರಿಯರ್: ‘ಎಲ್ಲಾ ಗಾಡಿಗೂ ಆಗುತ್ತೆ’ ಅಂದರೆ ನಂಬಬೇಡಿ

ರಜೆಯಲ್ಲಿ ಮಕ್ಕಳ ಸೈಕಲ್‌ಗಳನ್ನು ಕಾರಿಗೆ ಕಟ್ಟಿಕೊಂಡು ಊರಿಗೋ ಮಲೆನಾಡಿಗೋ ಹೊರಡುವವರು ಈಗ ಜಾಸ್ತಿ. ಅಂಥವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡಿಕ್ಕಿ ಬಾಗಿಲಿಗೆ ಬೆಲ್ಟ್ ಬಿಗಿದು ಕೂರಿಸುವ ಕ್ಯಾರಿಯರ್ ಕೊಳ್ಳುವ ಮುಂಚೆ, ಅದು ನಿಮ್ಮದೇ ಕಾರಿನ ಮಾಡೆಲ್‌ಗೆ ಆಗುತ್ತೆ ಅಂತ ತಯಾರು ಮಾಡಿದ ಕಂಪನಿ ಬರೆದು ಕೊಟ್ಟಿದೆಯಾ ನೋಡಿ. ಬರೆದಿಲ್ಲ ಅಂದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ನಮ್ಮದು ಹ್ಯಾಚ್‌ಬ್ಯಾಕ್. ಹಿಂದಿನ ಗಾಜಿನ ಮೇಲ್ಗಡೆ ಪ್ಲಾಸ್ಟಿಕ್ ಸ್ಪಾಯ್ಲರ್ ಇದೆ. ಈಗಿನ ಎಷ್ಟೋ ಕಾರುಗಳಿಗೆ ಅದು ಇದ್ದೇ ಇರುತ್ತೆ. ಅಂಗಡಿಯವರಿಗೆ ಕಾರು ತೋರಿಸಿಯೇ ಕೇಳಿದೆವು. ‘ಇದು ಯೂನಿವರ್ಸಲ್ ಮೇಡಂ, ಎಲ್ಲಾ ಗಾಡಿಗೂ ಆಗುತ್ತೆ, ಮೂರು ಸೈಕಲ್ ಆರಾಮಾಗಿ ಹಾಕಬಹುದು’ ಅಂದರು. ಅವರ ಹುಡುಗನೇ ಕಟ್ಟಿಕೊಟ್ಟ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಜಗ್ಗಲಿಲ್ಲ. ಡಬ್ಬದ ಮೇಲೆ ಎಷ್ಟು ಕೆ.ಜಿ. ತಡೆಯುತ್ತೆ ಅಂತ ಇರಲಿಲ್ಲ. ಯಾವ ಯಾವ ಕಾರಿಗೆ ಹೊಂದುತ್ತೆ ಅನ್ನುವ ಪಟ್ಟಿಯೂ ಇರಲಿಲ್ಲ. ಅದನ್ನೂ ಕೇಳಿದೆ. ‘ಅದೆಲ್ಲ ಏನೂ ಬೇಕಾಗಲ್ಲ ಮೇಡಂ’ ಅನ್ನುವುದೇ ಉತ್ತರ.

ಬೆಂಗಳೂರಿಂದ ಸಕಲೇಶಪುರಕ್ಕೆ ಹೊರಟಿದ್ದೆವು. ಹಿಂದೆ ಎರಡೇ ಸೈಕಲ್, ನಮ್ಮ ಮನೆಯವರದೊಂದು, ಮಗಳದೊಂದು. ಕುಣಿಗಲ್, ಚನ್ನರಾಯಪಟ್ಟಣದ ಕಡೆ ಹೆದ್ದಾರಿ ಚೆನ್ನಾಗಿದೆ, ಅಲ್ಲೇನೂ ಗೊತ್ತಾಗಲಿಲ್ಲ. ಹಾಸನ ದಾಟಿದ ಮೇಲೆ ಒಂದು ಊರಿನ ಹತ್ತಿರ ಹಂಪ್ ಬಂತು. ನಿಧಾನವಾಗಿಯೇ ಇಳಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಕೂಟರೊಂದು ಪಕ್ಕಕ್ಕೆ ಬಂದು ಹಾರನ್ ಹೊಡೆಯತೊಡಗಿತು. ಗಂಡ, ಹೆಂಡತಿ, ಮುಂದೆ ನಿಂತ ಪುಟ್ಟ ಹುಡುಗ. ‘ಅಣ್ಣಾ, ಸೈಕಲ್ ಬೀಳ್ತಾ ಇದೆ, ಸೈಡಿಗೆ ಹಾಕಿ’ ಅಂತ ಆ ಮನುಷ್ಯ ಕೂಗುತ್ತಿದ್ದರು.

ಇಳಿದು ನೋಡಿದರೆ ಮೇಲಿನ ಎಡಗಡೆ ಕೊಕ್ಕೆ ಸ್ಪಾಯ್ಲರಿನ ಒಂದು ಚೂರನ್ನು ಮುರಿದುಕೊಂಡು ಹೊರಗೆ ಬಂದಿತ್ತು. ಇಡೀ ಕ್ಯಾರಿಯರ್ ಒಂದು ಕಡೆ ವಾಲಿತ್ತು. ಮಗಳ ಸೈಕಲ್ ಒಂದೇ ಬೆಲ್ಟಿನಲ್ಲಿ ತೂಗಾಡುತ್ತಿತ್ತು, ಹ್ಯಾಂಡಲ್ ರಸ್ತೆಗೆ ತಾಗುವುದೊಂದು ಬಾಕಿ. ಇನ್ನೊಂದು ಸೈಕಲ್ಲಿನ ಚಕ್ರ ಸೈಲೆನ್ಸರ್ ಕೊಳವೆಯ ಎದುರಿಗೆ ತಿರುಗಿ, ಟೈರಿನ ಪಕ್ಕ ಬಿಸಿಗೆ ಕರಗಿತ್ತು. ಪೆಡಲ್ ಬಡಿದು ಬಾಗಿಲು ತಗ್ಗಾಗಿತ್ತು. ಅದೆಲ್ಲ ಹೋಗಲಿ, ದುಡ್ಡಿನ ಮಾತು. ಆ ಸ್ಕೂಟರ್ ನಮ್ಮ ಬೆನ್ನಿಗೇ ಬರುತ್ತಿತ್ತು. ಆ ಒಂದು ಬೆಲ್ಟ್ ಬಿಟ್ಟಿದ್ದರೆ ಸೈಕಲ್ ಬೀಳುತ್ತಿದ್ದುದು ಆ ಮಗುವಿನ ಮುಂದೆ. ಕಾರಿನೊಳಗಿದ್ದ ನಮಗೆ ಏನೂ ಆಗುತ್ತಿರಲಿಲ್ಲ. ನಾನು ಇದನ್ನು ಬರೆಯುತ್ತಿರುವುದೇ ಅದಕ್ಕೆ.

ಯಾಕೆ ಹೀಗಾಯಿತು ಅಂತ ಆಮೇಲೆ ಬಾಡಿ ರಿಪೇರಿ ಮಾಡುವವರು ಬಿಡಿಸಿ ಹೇಳಿದರು. ಸೈಕಲ್‌ಗಳು ಬಾಗಿಲಿಗೆ ಅಂಟಿಕೊಂಡಿರುವುದಿಲ್ಲ, ಹೊರಚಾಚಿದ ತೋಳುಗಳ ಮೇಲೆ ಕೂತಿರುತ್ತವೆ. ಭಾರ ಹೊರಗಡೆ ಇರುವುದರಿಂದ ಕ್ಯಾರಿಯರಿನ ಕೆಳಭಾಗ ಕಾರನ್ನು ಒಳಗೆ ಒತ್ತುತ್ತೆ, ಮೇಲ್ಭಾಗ ಹಿಂದಕ್ಕೆ ಎಳೆಯುತ್ತೆ. ಆ ಎಳೆತ ಪೂರ್ತಿ ಬೀಳುವುದು ಮೇಲಿನ ಎರಡು ಕೊಕ್ಕೆಗಳ ಮೇಲೆ. ಹಂಪ್ ಇಳಿದಾಗ, ಗುಂಡಿಗೆ ಬಿದ್ದಾಗ ಒಂದು ಕ್ಷಣಕ್ಕೆ ಅದು ಇನ್ನೂ ಎಷ್ಟೋ ಜಾಸ್ತಿಯಾಗುತ್ತೆ. ಕೊಕ್ಕೆ ಹಿಡಿಯಬೇಕಾದದ್ದು ಬಾಗಿಲಿನ ತಗಡಿನ ಅಂಚನ್ನು. ನಮ್ಮ ಕಾರಿನಲ್ಲಿ ಆ ಜಾಗದಲ್ಲಿ ಇರುವುದು ಪ್ಲಾಸ್ಟಿಕ್. ಪ್ಲಾಸ್ಟಿಕ್ ಬಗ್ಗುತ್ತೆ, ಬಗ್ಗಿದರೆ ಬೆಲ್ಟ್ ಸಡಿಲ, ಸಡಿಲವಾದರೆ ಸೈಕಲ್ ತೂಗುತ್ತೆ, ತೂಗಿದಷ್ಟೂ ಇನ್ನೂ ಸಡಿಲ. ಅಂಗಡಿ ಮುಂದೆ ನಿಂತ ಕಾರಿನಲ್ಲಿ ಅಲ್ಲಾಡಿಸಿ ನೋಡಿದರೆ ಇದು ಯಾರಿಗೂ ಗೊತ್ತಾಗಲ್ಲ.

ರಿಪೇರಿಗೆ ಕ್ಯಾರಿಯರಿನ ಬೆಲೆಗಿಂತ ಜಾಸ್ತಿ ಹೋಯಿತು. ಹಿಂಬಾಗಿಲು ಸ್ವಲ್ಪ ಜರುಗಿ ರಬ್ಬರ್ ಬೀಡಿಂಗ್ ಸರಿಯಾಗಿ ಕೂರುತ್ತಿರಲಿಲ್ಲ, ಮಳೆ ನೀರು ಒಳಗೆ ಬರುತ್ತಿತ್ತು. ಅಂಗಡಿಯವರು ‘ನೀವು ಸ್ಪೀಡಾಗಿ ಹೋಗಿರಬೇಕು’ ಅಂತ ಕೈ ತೊಳೆದುಕೊಂಡರು. ಬಿಲ್ಲಿನಲ್ಲಿ ಕಾರಿನ ಹೆಸರೇ ಇಲ್ಲದ ಮೇಲೆ ವಾದ ಮಾಡುವುದು ಹೇಗೆ? ಹಾಗಾಗಿ ಬಿಲ್ಲಿನ ಮೇಲೆ ‘ಇಂಥ ಮಾಡೆಲ್, ಇಂಥ ವರ್ಷದ ಕಾರಿಗೆ ಹೊಂದುತ್ತೆ’ ಅಂತ ಬರೆಸಿ. ಬರೆದುಕೊಡಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಸ್ವೀಡನ್ನಿನ ಥೂಲೆಯಂಥ ಕಂಪನಿಗಳು ಕಾರಿನ ಮಾಡೆಲ್ ಮತ್ತು ವರ್ಷದ ಪ್ರಕಾರವೇ ಯಾವ ಕ್ಯಾರಿಯರ್ ಆಗುತ್ತೆ ಅಂತ ಹೇಳುತ್ತವೆ. ಅಲ್ಲಿ ನಿಮ್ಮ ಕಾರಿನ ಹೆಸರು ಬರಲಿಲ್ಲ ಅಂದರೆ ‘ಹೇಗಾದರೂ ಕೂರಿಸೋಣ’ ಅನ್ನುವುದು ಬೇಡ. ಗುಂಡಿ ಒತ್ತಿದರೆ ತಾನೇ ತೆರೆಯುವ ಡಿಕ್ಕಿ ಬಾಗಿಲು ಇದ್ದರಂತೂ ಅದರ ಮೇಲೆ ಭಾರ ಹೇರುವ ಮುಂಚೆ ಕಾರಿನ ಜೊತೆ ಬಂದ ಪುಸ್ತಕ ಓದಿ.

ತೂಕದ ಲೆಕ್ಕವನ್ನೂ ಹಾಕಿ. ಇಂಥ ಕ್ಯಾರಿಯರ್‌ಗಳು ಸಾಮಾನ್ಯವಾಗಿ ಒಂದು ಸೈಕಲ್‌ಗೆ 15 ಕೆ.ಜಿ. ಅಂತ ಮಿತಿ ಇಟ್ಟಿರುತ್ತವೆ. ನಮ್ಮಲ್ಲಿ ಸಿಗುವ ದಪ್ಪ ಟೈರಿನ ಕಬ್ಬಿಣದ ಸೈಕಲ್ ಅದಕ್ಕಿಂತ ಭಾರ ಇರಬಹುದು. ಬ್ಯಾಟರಿ ಸೈಕಲ್ 20 ಕೆ.ಜಿ. ದಾಟುವುದು ಮಾಮೂಲು. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಮೊದಲು ನೀವು ನಿಂತು, ಆಮೇಲೆ ಸೈಕಲ್ ಎತ್ತಿಕೊಂಡು ನಿಂತರೆ ಲೆಕ್ಕ ಸಿಗುತ್ತೆ. ಮಕ್ಕಳ ಸೈಕಲ್, ಲೇಡೀಸ್ ಸೈಕಲ್‌ಗೆ ಇನ್ನೊಂದು ತೊಂದರೆ ಇದೆ. ಅವುಗಳ ಮೇಲಿನ ಕಂಬಿ ಇಳಿಜಾರಾಗಿರುತ್ತೆ, ಇಲ್ಲವೇ ಇರುವುದೇ ಇಲ್ಲ. ಕ್ಯಾರಿಯರಿನ ತೋಳಿಗೆ ನೇತುಹಾಕಿದರೆ ಸೊಟ್ಟಗೆ ನಿಲ್ಲುತ್ತವೆ. ಸೀಟಿನ ಕಂಬಕ್ಕೂ ಹ್ಯಾಂಡಲ್ಲಿಗೂ ನಡುವೆ ಸಿಕ್ಕಿಸುವ ಅಡ್ಡಕಂಬಿ ಬೇರೆಯಾಗಿ ಸಿಗುತ್ತೆ. ನಮಗೆ ಅಂಗಡಿಯಲ್ಲಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ನಂಬರ್ ಪ್ಲೇಟ್ ವಿಷಯವೂ ಸಣ್ಣದಲ್ಲ. ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣಬೇಕು ಅನ್ನುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಎರಡು ಸೈಕಲ್ ನೇತುಹಾಕಿದರೆ ಪ್ಲೇಟ್ ಮುಚ್ಚುತ್ತೆ, ಜೊತೆಗೆ ಬ್ರೇಕ್ ಲೈಟ್, ಇಂಡಿಕೇಟರ್‌ಗಳೂ ಅರ್ಧಂಬರ್ಧ ಮುಚ್ಚುತ್ತವೆ. ಬ್ರಿಟನ್ನಿನಲ್ಲಿ ಸೈಕಲ್‌ಗಳ ಹಿಂದೆ ನಂಬರ್ ಮತ್ತು ಲೈಟ್ ಇರುವ ಇನ್ನೊಂದು ಹಲಗೆ ಹಾಕುತ್ತಾರೆ. ನಮ್ಮಲ್ಲಿ ಇರುವುದು ಹೈ ಸೆಕ್ಯುರಿಟಿ ಪ್ಲೇಟ್, ರಟ್ಟಿನ ಮೇಲೆ ನಂಬರ್ ಬರೆದು ತೂಗಿಹಾಕಿದರೆ ಅದರ ಬದಲಿ ಆಗಲ್ಲ. ಮಲೆನಾಡಿನ ಮಂಜಿನಲ್ಲಿ ಹಿಂದಿನ ಬಸ್ಸಿನವರಿಗೆ ನಿಮ್ಮ ಬ್ರೇಕ್ ಲೈಟ್ ಕಾಣದಿದ್ದರೆ ಏನಾಗುತ್ತೆ ಅಂತ ಯೋಚನೆ ಮಾಡಿ. ದಂಡಕ್ಕಿಂತ ನನಗೆ ಅದರದೇ ಭಯ.

ಹಾಗಾದರೆ ಟಾಪಿನ ಮೇಲೆ ಹಾಕಬಹುದಾ? ಹಾಕಬಹುದು, ಪ್ಲೇಟೂ ಲೈಟೂ ಮುಚ್ಚಲ್ಲ. ಆದರೆ ಕಾರಿನ ಮೇಲಿರುವ ಉದ್ದನೆಯ ರೂಫ್ ರೈಲ್ ಎಷ್ಟೋ ಮಾಡೆಲ್‌ಗಳಲ್ಲಿ ಬರೀ ಅಂದಕ್ಕೆ ಅಂಟಿಸಿದ್ದು, ಭಾರ ಹೊರುವುದಕ್ಕಲ್ಲ. ಎಷ್ಟು ಕೆ.ಜಿ. ತಡೆಯುತ್ತೆ ಅನ್ನುವುದು ಕಾರಿನ ಪುಸ್ತಕದಲ್ಲಿ ಇರುತ್ತೆ. ಅಡ್ಡಪಟ್ಟಿ, ಕ್ಯಾರಿಯರ್, ಸೈಕಲ್ ಎಲ್ಲಾ ಸೇರಿ ಅಷ್ಟರೊಳಗೆ ಇರಬೇಕು. ಸೈಕಲ್ ಹೊತ್ತ ಕಾರು ಎರಡು ಮೀಟರಿಗಿಂತ ಎಷ್ಟೋ ಎತ್ತರವಾಗುತ್ತೆ. ಮಾಲ್‌ಗಳ, ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟಿಗೆ ಹಾಗೇ ನುಗ್ಗಿಸಿದರೆ ಸೈಕಲ್ಲೂ ಹೋಗುತ್ತೆ, ಟಾಪೂ ಹೋಗುತ್ತೆ. ಥಾರ್, ಜಿಮ್ನಿಯ ಹಾಗೆ ಹಿಂಬಾಗಿಲಲ್ಲೇ ಸ್ಟೆಪ್ನಿ ಇರುವ ಗಾಡಿಯವರಿಗೆ ಸ್ಟೆಪ್ನಿ ಮೇಲೆ ಕೂರುವ ಕ್ಯಾರಿಯರ್ ಸಿಗುತ್ತೆ. ಅದರಲ್ಲಿ ಬೆಲ್ಟ್ ಪ್ಲಾಸ್ಟಿಕ್ಕಿಗೆ ತಾಗುವ ಪ್ರಶ್ನೆ ಇಲ್ಲ, ತೂಕ ಮತ್ತು ಪ್ಲೇಟಿನ ಪ್ರಶ್ನೆ ಮಾತ್ರ ಇದ್ದೇ ಇದೆ.

ಎರಡು ಸೈಕಲ್ ಅಷ್ಟೇ ಇದ್ದು, ಕಾರಿನಲ್ಲಿ ಮೂವರೇ ಹೋಗುವುದಾದರೆ ಕ್ಯಾರಿಯರೇ ಬೇಕಾಗದಿರಬಹುದು. ಈಗಿನ ಸೈಕಲ್‌ಗಳ ಚಕ್ರ ಕ್ವಿಕ್ ರಿಲೀಸ್ ಇದ್ದರೆ ಸ್ಪ್ಯಾನರ್ ಇಲ್ಲದೆ ಬಿಚ್ಚಿಬಿಡಬಹುದು. ಹಿಂದಿನ ಸೀಟಿನ ಒಂದು ಪಾಲು ಮಡಚಿ, ಹಳೆ ಬೆಡ್‌ಶೀಟ್ ಹಾಸಿ, ಚೈನ್ ಇರುವ ಕಡೆ ಮೇಲೆ ಬರುವ ಹಾಗೆ ಮಲಗಿಸಿದರೆ ಸಾಕು. ನಾವು ಈಗ ಹಾಗೇ ಮಾಡುತ್ತಿದ್ದೇವೆ.

ಬೆಲ್ಟ್ ಕ್ಯಾರಿಯರ್ ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಬಿಸಿಲಲ್ಲಿ ಇಟ್ಟು ಬೆಲ್ಟಿನ ಹೊಲಿಗೆ ನೋಡಿ. ನೂಲು ಎದ್ದಿದ್ದರೆ, ಬಣ್ಣ ಬಿಳಿಚಿಕೊಂಡಿದ್ದರೆ ಅದನ್ನು ಬಳಸಬೇಡಿ. ಸೆಕೆಂಡ್ ಹ್ಯಾಂಡ್ ಅಂತೂ ಕೊಳ್ಳಲೇಬೇಡಿ, ಆ ಬೆಲ್ಟ್ ಎಷ್ಟು ಬಿಸಿಲು ಕಂಡಿದೆ ಅಂತ ಮಾರುವವರಿಗೂ ಗೊತ್ತಿರಲ್ಲ. ನಮ್ಮದನ್ನು ಕೊಳ್ಳುತ್ತೇವೆ ಅಂತ ಕೇಳಿದವರಿದ್ದರು. ಕೊಡಲಿಲ್ಲ. ಬೆಲ್ಟ್‌ಗಳನ್ನು ಕತ್ತರಿಸಿ, ಕಬ್ಬಿಣವನ್ನು ಗುಜರಿಗೆ ಹಾಕಿದೆವು.